ಹೆರಿಗೆಯ ದಾರಿ ಸುಲ್ತಾನ್ ಬಜಾರಿಗೆ ಏಕೆ ಬಂತು

ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಹೈದರಾಬಾದಿನಲ್ಲಿ ಒಂದಲ್ಲ, ಮೂರು ಹೆಸರು. ಆಟೊದವರಿಗೆ ಅದು ಕೋಠಿ ಮೆಟರ್ನಿಟಿ. ದಖ್ಖನಿ ಮಾತಾಡುವ ಹಳಬರಿಗೆ ಜಚ್ಚಗೀಖಾನಾ. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದು ಗಂಟುಮೂಟೆಯೊಂದಿಗೆ ಬರುವ ನಮ್ಮ ಕಡೆಯವರಿಗೆ ಹೆರಿಗಿ ದವಾಖಾನಿ. ಅದರ ಗೇಟಿನ ಮುಂದೆ ಅರ್ಧ ಗಂಟೆ ನಿಂತರೆ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ಬೀದರಿನ ಕನ್ನಡ, ಯಾದಗಿರಿಯ ಕನ್ನಡ, ನಾರಾಯಣಪೇಟೆ ಕಡೆಯ ತೆಲುಗು ಬೆರೆತ ಕನ್ನಡ.

ಕಳೆದ ಮಳೆಗಾಲದಲ್ಲಿ ಆ ಗೇಟಿನ ಬಳಿ ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಅಜ್ಜಿ ಸಿಕ್ಕರು. ಮಗ, ಸೊಸೆ ಕಟ್ಟಡದ ಕೆಲಸಕ್ಕೆ ಗುಳೆ ಬಂದವರು. ಸೊಸೆಯ ಹೆರಿಗೆ ಹತ್ತಿರವಾಯಿತೆಂದು ಅಜ್ಜಿ ಊರಿನಿಂದ ಬಂದಿದ್ದರು. ಹುಡುಗಿಯ ಕಾಲು, ಮುಖ ಬಾತಿವೆ, ತಲೆನೋವು ತಡೆಯಲಾಗುತ್ತಿಲ್ಲ ಎಂದು ರಾತ್ರೋರಾತ್ರಿ ಇಲ್ಲಿಗೆ ಕರೆತಂದಿದ್ದರು. ಪ್ಲಾಸ್ಟಿಕ್ ಚೀಲದಿಂದ ತಾಯಿ ಕಾರ್ಡ್ ತೆಗೆದು ನನ್ನ ಕೈಗಿಟ್ಟರು. ಊರಿನಲ್ಲಿ ನಾಲ್ಕು ಸಲ ತಪಾಸಣೆಯಾಗಿತ್ತು. ನಾಲ್ಕು ಸಲವೂ ರಕ್ತದೊತ್ತಡದ ಮನೆಯಲ್ಲಿ ಒಂದೇ ಅಂಕಿ: 110/70.

“ನಿಮ್ಮೂರಾಗ ಬಿಪಿ ನೋಡಿದ್ರೇನಬೇ?” ಎಂದು ಕೇಳಿದೆ.

“ನೋಡ್ಯಾರಲ್ರೀ ಅಕ್ಕಾರ, ಕಾರ್ಡಿನ್ಯಾಗ ಬರದಾರ.”

“ತೋಳಿಗಿ ಪಟ್ಟಿ ಕಟ್ಟಿದ್ರೇನು?”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ಪಟ್ಟಿ ಕಟ್ಟಿಲ್ರೀ. ಬರೇ ಬರಕೊಂಡ್ರು.”

ಆ ಹುಡುಗಿ ಉಳಿದಳು, ಮಗುವೂ ಉಳಿಯಿತು. ಆದರೆ ಅಜ್ಜಿಯ ಆ ಎರಡು ಮಾತು ನನ್ನನ್ನು ಬಿಟ್ಟಿಲ್ಲ. ಹಳ್ಳಿಯ ಹೆರಿಗೆ ಆರೈಕೆಯ ಇಪ್ಪತ್ತು ವರ್ಷಗಳನ್ನು ತಿರುಗಿ ನೋಡಲು ಕೂತಾಗ ಇಡೀ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು ಅನಿಸಿತು. ಬರೆದುಕೊಂಡಿದ್ದಾರೆ, ನೋಡಿಲ್ಲ.

ಹಿಂದಿರುಗಿ ನೋಡಲು 2005 ಸರಿಯಾದ ಗೆರೆ. ಜನನಿ ಸುರಕ್ಷಾ ಯೋಜನೆ ಆ ವರ್ಷ ಬಂತು. ಬಡ ಕುಟುಂಬದ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಹೆತ್ತರೆ ನಮ್ಮಂಥ ರಾಜ್ಯಗಳ ಹಳ್ಳಿಯಲ್ಲಿ 700 ರೂಪಾಯಿ. ಅದರ ಹಿಂದೆಯೇ ಆಶಾ ಕಾರ್ಯಕರ್ತೆಯರು ಬಂದರು. 2007ರಲ್ಲಿ ಬಾಣಂತಿಗೂ ಕೂಸಿಗೂ ಬೇಕಾದ ಸಾಮಾನಿನ ಮಡಿಲು ಕಿಟ್, 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆಂಬುಲೆನ್ಸ್, 2009ರಲ್ಲಿ ತಾಯಿ ಭಾಗ್ಯ ಯೋಜನೆ, 2011ರ ಜೂನ್‌ನಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಔಷಧಿ, ಊಟ, ಸಾಗಾಟ ಎಲ್ಲವೂ ಉಚಿತ ಎಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, 2017ರಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟದ ಮಾತೃಪೂರ್ಣ. ಅದೇ ವರ್ಷ ಇತ್ತ ತೆಲಂಗಾಣದಲ್ಲಿ ಕೆಸಿಆರ್ ಕಿಟ್. ಗಂಡು ಹುಟ್ಟಿದರೆ 12,000 ರೂಪಾಯಿ, ಹೆಣ್ಣು ಹುಟ್ಟಿದರೆ 13,000.

ಇವೆಲ್ಲ ವ್ಯರ್ಥವಾದವು ಎಂದು ಹೇಳುವವರ ಜೊತೆ ನಾನಿಲ್ಲ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಗೆ ಆ ಅಂಕಿ 97ಕ್ಕೇರಿತು. ಒಂದು ತಲೆಮಾರಿನೊಳಗೆ ಒಂದು ಸಮಾಜ ತನ್ನ ಹೆರಿಗೆಯನ್ನು ಮನೆಯ ಮೂಲೆಯಿಂದ ಎತ್ತಿ ಆಸ್ಪತ್ರೆಗೆ ತಂದಿತು. ಇದರ ಹಿಂದೆ ನಡೆದ ಕಾಲು ಆಶಾ ಕಾರ್ಯಕರ್ತೆಯದು. ನಡುರಾತ್ರಿ ಬಾಗಿಲು ಬಡಿದರೆ ಎದ್ದು ಬಂದು, 108ಕ್ಕೆ ಫೋನು ಹಚ್ಚಿ, ಗರ್ಭಿಣಿಯ ಕೈ ಹಿಡಿದು ಗಾಡಿ ಹತ್ತಿದವಳು ಅವಳು. ಆ ಕೆಲಸಕ್ಕೆ ಇಂದಿಗೂ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಅಷ್ಟೆ. ತಿಂಗಳಿಗೆ 10,000 ರೂಪಾಯಿಯ ಖಾತ್ರಿಯ ಭರವಸೆ ಪಡೆಯಲು ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು. ನಾಡಿನ ಹೆರಿಗೆಯ ಭಾರವನ್ನು ಅತಿ ಕಡಿಮೆ ಕೂಲಿಯವರ ಹೆಗಲಿಗೆ ಹೊರಿಸಿದ್ದೇವೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತಾಡುವುದು ತಪ್ಪು.

ಸಾವಿನ ಲೆಕ್ಕವೂ ಇಳಿದಿದೆ. ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಅಂಕಿ ಕರ್ನಾಟಕದಲ್ಲಿ 2004–06ರಲ್ಲಿ 213 ಇತ್ತು. 2018–20ಕ್ಕೆ 69 ಆಯಿತು. ಇಳಿಕೆ ದೊಡ್ಡದೇ. ಆದರೆ ಅದೇ 2018–20ರಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆಯಲ್ಲಿದ್ದೆವು. ವರ್ಷಕ್ಕೆ ಹತ್ತಿರ ಹತ್ತಿರ 9 ಲಕ್ಷ ಹೆರಿಗೆಯಾಗುವ ರಾಜ್ಯದಲ್ಲಿ ತೆಲಂಗಾಣಕ್ಕೂ ನಮಗೂ ಆಗ ಇದ್ದ 26ರ ಅಂತರ ಎಂದರೆ 200ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಪ್ರತಿ ವರ್ಷ. ಗಡಿಯ ಈಚೆ ಹೆತ್ತಿದ್ದರೆ ಉಳಿಯಬಹುದಾಗಿದ್ದವರು ಎಂದು ಇದನ್ನು ಓದಿಕೊಂಡರೆ ಎದೆ ಭಾರವಾಗುತ್ತದೆ.

ಆಸ್ಪತ್ರೆಗೆ ಬರುವವರು ನೂರಕ್ಕೆ 97 ಆದ ಮೇಲೂ ಈ ಅಂತರ ಏಕೆ? ಬಂದವರನ್ನು ಏನು ಮಾಡಿದೆವು ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. ಗರ್ಭಿಣಿ ಬರಲಿಲ್ಲ, ಮನೆಯವರು ಕಳಿಸಲಿಲ್ಲ, ಮೂಢನಂಬಿಕೆ ಎಂದೆಲ್ಲ ಹಿಂದೆ ಹೇಳಬಹುದಿತ್ತು. ಈಗ ಆ ಮಾತು ನಡೆಯುವುದಿಲ್ಲ. ಆಕೆ ಬಂದಿದ್ದಾಳೆ. ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು 2018ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಲೆಕ್ಕ ತೆಗೆದು ಇದನ್ನೇ ಹೇಳಿತು: ಚಿಕಿತ್ಸೆ ಸಿಗದೆ ಸಾಯುವವರಿಗಿಂತ, ಸಿಕ್ಕ ಚಿಕಿತ್ಸೆ ಕಳಪೆಯಾಗಿ ಸಾಯುವವರೇ ಹೆಚ್ಚು.

ಇಲ್ಲಿ ಸುಲ್ತಾನ್ ಬಜಾರಿನ ಹಳೆಯ ಕತೆಯೊಂದನ್ನು ಹೇಳಬೇಕು. ಈ ಪೇಟೆ ಒಂದು ಕಾಲಕ್ಕೆ ರೆಸಿಡೆನ್ಸಿ ಬಜಾರ್. ಬ್ರಿಟಿಷ್ ರೆಸಿಡೆಂಟನ ಬಂಗಲೆಯ ಸುತ್ತ ಬೆಳೆದ ಇದು 1933ರಲ್ಲಿ ನಿಜಾಮನ ಆಡಳಿತಕ್ಕೆ ಮರಳಿ ಸುಲ್ತಾನ್ ಬಜಾರ್ ಆಯಿತು. ರೆಸಿಡೆನ್ಸಿಯ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ 1888–89ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದ. ಅರಿವಳಿಕೆ ಕೊಟ್ಟಾಗ ಜೀವ ಹೇಗೆ ಹೋಗುತ್ತದೆ ಎಂಬ ಚರ್ಚೆಯನ್ನು ಆ ಪ್ರಯೋಗಗಳು ಲಂಡನ್‌ವರೆಗೆ ಒಯ್ದವು. ಅದೇ ಕಾಲಕ್ಕೆ ಹೈದರಾಬಾದ್ ವೈದ್ಯಕೀಯ ಶಾಲೆಯಲ್ಲಿ ಓದಿ 1889ರಲ್ಲಿ ಹೊರಬಂದ ಪಾರ್ಸಿ ಹೆಣ್ಣುಮಗಳು ರೂಪಾಬಾಯಿ ಫರ್ದೂನ್‌ಜಿ. ಮುಂದೆ ಸುಲ್ತಾನ್ ಬಜಾರ್ ಆಸ್ಪತ್ರೆಯಾದ ರೆಸಿಡೆನ್ಸಿ ಆಸ್ಪತ್ರೆಯಲ್ಲಿ, ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ, ವಿಕ್ಟೋರಿಯಾ ಜನಾನಾ ಹೆರಿಗೆ ಆಸ್ಪತ್ರೆಯಲ್ಲಿ ಆಕೆ ವರ್ಷಗಟ್ಟಲೆ ಅರಿವಳಿಕೆ ಕೊಟ್ಟರು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆ ಎಂದು ಆಕೆಯನ್ನು ಹಲವರು ಗುರುತಿಸುತ್ತಾರೆ.

ಆಗ ಬೀದರ್, ಗುಲ್ಬರ್ಗ, ರಾಯಚೂರು ಇದೇ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ರಾಜಧಾನಿಯಲ್ಲಿ 135 ವರ್ಷದ ಹಿಂದೆ ಹೆಣ್ಣುಮಗಳೊಬ್ಬಳು ಮಾಡುತ್ತಿದ್ದ ಕೆಲಸವನ್ನು ಮಾಡಲು ಆ ಜಿಲ್ಲೆಗಳ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಇವತ್ತು ರಾತ್ರಿ ಹತ್ತರ ಮೇಲೆ ಯಾರೂ ಇರುವುದಿಲ್ಲ. ಕೂಸು ಅಡ್ಡ ನಿಂತಿದೆ, ಸಿಸೇರಿಯನ್ ಆಗಬೇಕು, ಹೆರಿಗೆ ಡಾಕ್ಟರು ಇದ್ದಾರೆ, ಥಿಯೇಟರಿಗೆ ಟೈಲ್ಸ್ ಹಾಕಿದ್ದಾರೆ, ಅರಿವಳಿಕೆ ಕೊಡುವ ಬೋಯಲ್ ಯಂತ್ರ ಇದೆ. ಅರಿವಳಿಕೆಯವರು ಮಾತ್ರ ಇಲ್ಲ. “ಮುಂದಕ್ಕೆ ಕರಕೊಂಡು ಹೋಗ್ರಿ” ಎಂಬ ಚೀಟಿ ಬರೆಯುತ್ತಾರೆ. ಮುಂದೆ ಎಂದರೆ ಜಿಲ್ಲಾ ಆಸ್ಪತ್ರೆ. ಅಲ್ಲಿಂದ ಮುಂದೆ ಎಂದರೆ ಬೀದರಿನವರಿಗೆ 140 ಕಿಲೋಮೀಟರ್ ಆಚೆಯ ಹೈದರಾಬಾದ್. ಹೆರಿಗೆಯ ಮೇಲೆ ರಕ್ತ ಹರಿಯಲು ಶುರುವಾದ ಹೆಣ್ಣುಮಗಳಿಗೆ ಕೈಯಲ್ಲಿರುವುದು ಹೆಚ್ಚೆಂದರೆ ಎರಡು ಗಂಟೆ.

ಮದ್ದು ಇಲ್ಲದ ಕೊರತೆ ಇದಲ್ಲ. ಎಂಬಿಬಿಎಸ್ ಮುಗಿಸಿದ ಸಾಮಾನ್ಯ ವೈದ್ಯರಿಗೆ ಕೆಲವೇ ತಿಂಗಳಲ್ಲಿ ಜೀವರಕ್ಷಕ ಅರಿವಳಿಕೆ ಕಲಿಸುವ ಸರ್ಕಾರಿ ತರಬೇತಿ ವರ್ಷಗಳಿಂದ ಇದೆ. ಸಿಸೇರಿಯನ್ ಕಲಿಸುವ ತರಬೇತಿಯೂ ಇದೆ. ಆದರೆ ಅರಿವಳಿಕೆ ಕಲಿತವರನ್ನು ಹೆರಿಗೆ ತಜ್ಞರಿಲ್ಲದ ಊರಿಗೆ, ತಜ್ಞರನ್ನು ಅರಿವಳಿಕೆಯವರಿಲ್ಲದ ಊರಿಗೆ ಹಾಕಿದರೆ ಎರಡೂ ಕಡೆ ಥಿಯೇಟರಿಗೆ ಬೀಗ. ಅಲ್ಲೊಬ್ಬರು ಇಲ್ಲೊಬ್ಬರು ಹಂಚಿಹೋದ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಒಟ್ಟುಗೂಡಿಸಿ ದಿನದ 24 ಗಂಟೆ ಹೆರಿಗೆ ಸೇವೆ ಕೊಡುತ್ತೇವೆ ಎಂದು ಕರ್ನಾಟಕ ಸರ್ಕಾರ 2025ರಲ್ಲಿ ಹೇಳಿತು. ತಡವಾಗಿ ಬಂದರೂ ಸರಿಯಾದ ಮಾತು. ಹೋಬಳಿಗೊಂದು ಅರೆಬರೆ ಥಿಯೇಟರಿಗಿಂತ, ರಾತ್ರಿ ಎರಡು ಗಂಟೆಗೂ ದೀಪ ಉರಿಯುವ ಒಂದೇ ತಾಲ್ಲೂಕು ಆಸ್ಪತ್ರೆ ಮೇಲು. ಆದರೆ ಹಾಗೆ ಮಾಡಿದಾಗ ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಉದ್ದವಾಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಆಂಬುಲೆನ್ಸ್ ಹೆಚ್ಚಿಸದೆ ತಜ್ಞರನ್ನಷ್ಟೇ ಎತ್ತಿಕೊಂಡು ಹೋದರೆ ಹಳ್ಳಿಯವರಿಗೆ ಇದ್ದದ್ದೂ ಹೋದಂತೆ.

ಕೊಪ್ಪಳ ಜಿಲ್ಲೆಯಲ್ಲಿ ತಾಯಿ ಮರಣ ಏಕೆ ತಗ್ಗುತ್ತಿಲ್ಲ ಎಂದು ಆಶಾ ಜಾರ್ಜ್ ಎಂಬ ಸಂಶೋಧಕಿ 2007ರಲ್ಲೇ ಬರೆದಿದ್ದರು. ಆಸ್ಪತ್ರೆ ಇಲ್ಲ, ಜನ ಬರುವುದಿಲ್ಲ ಎಂಬ ಸುಲಭದ ಉತ್ತರ ಅವರದಾಗಿರಲಿಲ್ಲ. ಮಾಹಿತಿ ದಾಖಲಾಗುವ ರೀತಿಯೇ ದುರ್ಬಲ, ಆರೈಕೆ ಮಧ್ಯೆ ಮಧ್ಯೆ ಕಡಿದುಹೋಗುತ್ತದೆ, ಸಿಬ್ಬಂದಿಗೆ ಬೆನ್ನ ಹಿಂದೆ ನಿಲ್ಲುವವರಿಲ್ಲ, ಮುಂದಿನ ಆಸ್ಪತ್ರೆಗೆ ಕಳಿಸುವುದಕ್ಕೆ ಒಂದು ಕ್ರಮವಿಲ್ಲ, ಹೊಣೆ ಯಾರದೆಂಬುದೇ ತಿರುಚಿಹೋಗಿದೆ ಎಂದು ಅವರು ಕಂಡಿದ್ದರು. ಇಂದಿನ ಕಾರ್ಡಿನಲ್ಲಿ ನಾಲ್ಕು ಸಲ ಬರೆದ 110/70 ಆ ಮಾತಿಗೇ ಸಾಕ್ಷಿ. ಗರ್ಭಿಣಿಯ ರಕ್ತದೊತ್ತಡ ಏರಿದ್ದನ್ನು ಆರನೇ ಏಳನೇ ತಿಂಗಳಲ್ಲೇ ಹಿಡಿದರೆ ಫಿಟ್ಸ್ ಬರುವ ಮೊದಲೇ ಹುಷಾರಾಗಬಹುದು. ಫಿಟ್ಸ್ ಬಂದರೂ ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದಿನ ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸೇ ಕೊಟ್ಟು ಕಳಿಸಬಹುದು. ಬಾಟಲಿಯೂ ಇರುತ್ತದೆ, ಅನುಮತಿಯೂ ಇದೆ. ಇಲ್ಲದ್ದು ಧೈರ್ಯ. ‘ಕೊಟ್ಟ ಮೇಲೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ’ ಎಂಬ ಭಯದಲ್ಲಿ ನರ್ಸಮ್ಮ ಚೀಟಿ ಬರೆದು ಗಾಡಿ ಹತ್ತಿಸುತ್ತಾಳೆ. ರಾತ್ರಿ ಪಾಳಿಯಲ್ಲಿ ಇಡೀ ಕಟ್ಟಡಕ್ಕೆ ಒಬ್ಬಳೇ ಇರುವವಳನ್ನು ಇದಕ್ಕಾಗಿ ಬೈಯುವುದು ಸುಲಭ. ಆ ಹೊತ್ತಿಗೆ ಅವಳ ಫೋನು ಎತ್ತಿ, ‘ಕೊಡಮ್ಮಾ, ನಾನಿದ್ದೀನಿ’ ಎನ್ನುವ ಮೇಲಿನವರು ಯಾರು ಎಂದು ಮೊದಲು ಕೇಳಬೇಕು.

ಹೀಗೆ ಬೆನ್ನಿಗೆ ನಿಂತರೆ ಏನಾಗುತ್ತದೆ ಎಂಬುದನ್ನು ಕನ್ನಡ ನಾಡೇ ಜಗತ್ತಿಗೆ ತೋರಿಸಿದೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳನ್ನು ಒಳಗೊಂಡು ನಡೆದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೆ ಎಎನ್‌ಎಂ ಸಿಸ್ಟರ್ ನುಂಗಿಸಿದ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಫ್ರಿಜ್ ಬೇಡದ, ಸೂಜಿ ಬೇಡದ ಒಂದು ಮಾತ್ರೆ. 2010ರಲ್ಲಿ ಗೋಕಾಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು ಪ್ರಯೋಗಿಸಿ ನೋಡಿದರು. ಕೈ ತೊಳೆದೆಯಾ, ಬಿಪಿ ನೋಡಿದೆಯಾ, ಕೂಸಿಗೆ ಉಸಿರು ಕೊಡುವ ಚೀಲ ಪಕ್ಕದಲ್ಲಿದೆಯಾ ಎಂಬಂಥ ಸರಳ ಪ್ರಶ್ನೆಗಳು. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25.

ಆದರೆ ಕಾಗದವೊಂದೇ ಜೀವ ಉಳಿಸುವುದಿಲ್ಲ ಎಂಬ ಪಾಠವೂ ಮುಂದೆ ಬಂತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ತರಬೇತುದಾರರೊಂದಿಗೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆ. ಸಿಬ್ಬಂದಿಯ ರೂಢಿ ಸುಧಾರಿಸಿತು, ಸಾವು ಮಾತ್ರ ಇಳಿಯಲಿಲ್ಲ. 2017ರಲ್ಲಿ ಬಂದ ಈ ಫಲಿತಾಂಶವನ್ನು ನಾನು ಸೋಲೆಂದು ಓದುವುದಿಲ್ಲ. ನರ್ಸು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಆಕೆ ಕಳಿಸಿಕೊಟ್ಟ ಹೆಣ್ಣುಮಗಳನ್ನು ಎತ್ತಿಕೊಳ್ಳುವ ಮೇಲಿನ ಮೆಟ್ಟಿಲು ಕುಸಿದಿದ್ದರೆ ಅವಳ ಶ್ರಮ ನೀರಿನಲ್ಲಿ ಹೋಗುತ್ತದೆ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸುಕ್ಷೇಮ ಯೋಜನೆಯವರು ಅನುಭವಿ ನರ್ಸುಗಳನ್ನೇ ಮಾರ್ಗದರ್ಶಕರಾಗಿ ಕಳಿಸಿದ್ದರು. ಬಂದು ಭಾಷಣ ಮಾಡಿ ಹೋಗುವ ತರಬೇತಿ ಅಲ್ಲ. ಎರಡು ಮೂರು ದಿನ ಜೊತೆಗಿದ್ದು, ಹೆರಿಗೆ ಕೋಣೆಯಲ್ಲಿ ಪಕ್ಕ ನಿಂತು, ಕೇಸ್ ಶೀಟ್ ತುಂಬಿಸಿ, ಔಷಧಿಯ ಕಪಾಟು ಜೋಡಿಸಿ ಹೋಗುವುದು, ಮತ್ತೆ ಬರುವುದು. ಅಂಥ ಕೇಂದ್ರಗಳ ಸಿದ್ಧತೆಯೂ ನರ್ಸುಗಳ ತಿಳಿವಳಿಕೆಯೂ ಉಳಿದವಕ್ಕಿಂತ ಮೇಲಾದವು. ಯೋಜನೆಯ ಅವಧಿ ಮುಗಿಯಿತು. ಇಂಥದ್ದನ್ನು ಇಲಾಖೆ ತನ್ನ ಖಾಯಂ ಕೆಲಸವಾಗಿ ಎಲ್ಲ ಜಿಲ್ಲೆಗಳಲ್ಲಿ ಎತ್ತಿಕೊಳ್ಳಬೇಕಿತ್ತು.

ಔಷಧಿಯ ವಿಷಯಕ್ಕೆ ಬಂದರೆ ಕೈ ನಡುಗುತ್ತದೆ. ಹೆರಿಗೆಯ ನಂತರದ ರಕ್ತ ತಡೆಯಲು ಕೊಡುವ ಆಕ್ಸಿಟೋಸಿನ್ ತಂಪಿನಲ್ಲಿರಬೇಕು. ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ, ಕರೆಂಟು ಹೋದ ಕೇಂದ್ರದಲ್ಲಿ, ಕಿಟಕಿಯ ಮೇಲಿಟ್ಟ ಬಾಟಲಿ ಬರೀ ನೀರಾಗುತ್ತದೆ. ಅದೇ ಮದ್ದನ್ನು ‘ನೋವಿನ ಇಂಜೆಕ್ಷನ್’ ಎಂದು ಹೆರಿಗೆಗೆ ಮೊದಲೇ, ಅವಸರಕ್ಕೆ ಚುಚ್ಚಿದರೆ ಗರ್ಭಕೋಶವೇ ಒಡೆಯಬಹುದು. ದುರುಪಯೋಗ ತಡೆಯುವ ನೆಪದಲ್ಲಿ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದೆಂದು ಆದೇಶಿಸಿ, ಇಡೀ ದೇಶದ ಹೊಣೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದಕ್ಕೇ ಒಪ್ಪಿಸಹೊರಟಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶ ರದ್ದುಗೊಳಿಸಿತು. ರದ್ದಾದದ್ದು ಒಳ್ಳೆಯದಾಯಿತು, ಹೆರಿಗೆ ಕೋಣೆಯ ಅತಿ ಮುಖ್ಯ ಮದ್ದಿಗೆ ಒಂದೇ ಕಾರ್ಖಾನೆಯ ಬಾಗಿಲು ಕಾಯುವುದು ಅಪಾಯ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ನಡೆದದ್ದನ್ನು ಯಾರೂ ಮರೆಯಬಾರದು. ಮೂರು ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರ ಪೈಕಿ ಹಲವರಿಗೆ ಮೂತ್ರಪಿಂಡ ಕೈಕೊಟ್ಟಿತು, ಒಬ್ಬೊಬ್ಬರಾಗಿ 5 ಬಾಣಂತಿಯರು ತೀರಿಕೊಂಡರು. ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಬೆರಳು ಹೋಯಿತು. ಅವರು ಮಾಡಿದ ತಪ್ಪೇನು? ಹತ್ತಾರು ವರ್ಷ ನಾವು ಹೇಳಿದ್ದನ್ನೇ ಮಾಡಿದ್ದರು. ಮನೆಯಲ್ಲಿ ಹೆರದೆ ಸರ್ಕಾರಿ ಆಸ್ಪತ್ರೆಗೆ ಬಂದಿದ್ದರು. ಆ ಘಟನೆಯ ಬಳಿಕ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಮರಣಗಳನ್ನು ರಾಜ್ಯದಲ್ಲಿ ಒಂದೊಂದಾಗಿ ಪರಿಶೀಲಿಸಿದರು. ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬುದೇ ತಜ್ಞರ ತೀರ್ಮಾನ. ಸರ್ಕಾರ ಅದನ್ನು ಮುಚ್ಚಿಡದೆ ಹೊರಗೆ ಹೇಳಿದ್ದನ್ನು ನಾನು ಮೆಚ್ಚುತ್ತೇನೆ. ಆದರೆ ಅದು ರಾಜ್ಯಮಟ್ಟದ ಮೊತ್ತ. ತಾಲ್ಲೂಕಿನಲ್ಲಿ ಸತ್ತ ಹೆಣ್ಣುಮಗಳ ಮನೆಯವರಿಗೆ, ಯಾವ ಗಂಟೆಯಲ್ಲಿ ಯಾವುದು ತಪ್ಪಿತು ಎಂದು ಕೂತು ಹೇಳುವವರು ಇನ್ನೂ ಇಲ್ಲ.

ನಂಬಿಕೆ ಹೋದ ಜನ ಖಾಸಗಿಯತ್ತ ತಿರುಗುತ್ತಾರೆ. ಅಲ್ಲಿಯ ಕತೆ ಬೇರೆ ಬಗೆಯ ಕಳಪೆ. 2019–21ರ ಸಮೀಕ್ಷೆಯಂತೆ ತೆಲಂಗಾಣದ ಹೆರಿಗೆಗಳಲ್ಲಿ ನೂರಕ್ಕೆ 60.7 ಸಿಸೇರಿಯನ್, ದೇಶದಲ್ಲೇ ಹೆಚ್ಚು. ಕರ್ನಾಟಕದಲ್ಲಿ 31.5. ಇಡೀ ಜನಸಂಖ್ಯೆಯ ಮಟ್ಟದಲ್ಲಿ ನೂರಕ್ಕೆ 10ರ ಮೇಲೆ ಸಿಸೇರಿಯನ್ ಏರಿದರೆ ಸಾವು ಇಳಿಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಮುಹೂರ್ತ ನೋಡಿ ಹೊಟ್ಟೆ ಕುಯ್ಯಿಸುವುದು ಈ ಊರಿನಲ್ಲಿ ಸಾಮಾನ್ಯ ಮಾತಾಗಿದೆ. ಸುಲ್ತಾನ್ ಬಜಾರಿನ ಗೇಟಿನ ಹೊರಗೆ ಕಿವಿಯೋಲೆ ಒತ್ತೆಯಿಟ್ಟು ಖಾಸಗಿಯಲ್ಲಿ ಮೊದಲ ಹೆರಿಗೆ ಮಾಡಿಸಿಕೊಂಡು, ಎರಡನೆಯದಕ್ಕೆ ದುಡ್ಡಿಲ್ಲದೆ ಇಲ್ಲಿಗೆ ಬಂದವರು ಕಾಣುತ್ತಾರೆ. ಒಂದು ಕಡೆ ಬೇಕಾದವಳಿಗೆ ಸಿಸೇರಿಯನ್ ಸಿಗುವುದಿಲ್ಲ, ಇನ್ನೊಂದು ಕಡೆ ಬೇಡದವಳಿಗೆ ಬಿಡುವುದಿಲ್ಲ.

ಇನ್ನು ಕಾಗದ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಜಿಲ್ಲಾ ಆಸ್ಪತ್ರೆಯಿಂದ ಹಿಂದೆ ಕಳಿಸಿದ ಗರ್ಭಿಣಿ ಬಾಡಿಗೆ ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು, ಮೂವರೂ ಸತ್ತರು. ಆಮೇಲೆ ದಾಖಲೆ ಇಲ್ಲದಿದ್ದರೂ ಚಿಕಿತ್ಸೆ ನಿರಾಕರಿಸಬಾರದೆಂಬ ಸೂಚನೆ ಹೊರಟಿತು. ರಾಜ್ಯದ ಒಳಗೇ ಹೀಗಾದರೆ ಗಡಿ ದಾಟಿ ಗುಳೆ ಬಂದವರ ಪಾಡೇನು? ಯಾದಗಿರಿಯ ತಾಯಿ ಕಾರ್ಡನ್ನು ಇಲ್ಲಿಯ ಕಂಪ್ಯೂಟರ್ ಗುರುತಿಸುವುದಿಲ್ಲ. ಇಲ್ಲಿಯ ಕಿಟ್ಟು ಅವರಿಗಲ್ಲ, ಅಲ್ಲಿಯ ಬಿಸಿಯೂಟ ಬಿಟ್ಟು ಬಂದಿದ್ದಾರೆ. ತೆಲಂಗಾಣದ ಕೃಷ್ಣಾ ಮಂಡಲದ ಕನ್ನಡದವರು ರಾಯಚೂರಿಗೆ ಹೆರಲು ಹೋದರೂ, ಜಹೀರಾಬಾದ್ ಕಡೆಯವರು 30 ಕಿಲೋಮೀಟರ್ ದೂರದ ಬೀದರಿಗೆ ಹೋದರೂ ಇದೇ ತೊಡಕು ತಿರುವುಮುರುವಾಗಿ ಎದುರಾಗುತ್ತದೆ. ಹೆರಿಗೆ ನೋವಿಗೆ ರಾಜ್ಯದ ಗಡಿ ಗೊತ್ತಿಲ್ಲ. ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಒಂದು ದಿನ ಕೂತು, ಒಬ್ಬರ ಕಾರ್ಡನ್ನು ಇನ್ನೊಬ್ಬರು ಓದುವಂತೆ ಮಾಡಿದರೆ ಗುಳೆಯ ಸಾವಿರಾರು ಹೆಣ್ಣುಮಕ್ಕಳಿಗೆ ಅದು ಹೊಸ ಆಸ್ಪತ್ರೆ ಕಟ್ಟಿದಷ್ಟೇ ಉಪಕಾರ.

ಕಾಗದ ದಾಟಿ ಒಳಗೆ ಸೇರಿದವಳ ಪಾಡು ಇನ್ನೊಂದು. 2018ರ ಜುಲೈನಲ್ಲಿ ಇದೇ ಕೋಠಿ ಆಸ್ಪತ್ರೆಯಿಂದ ವಾರವೂ ತುಂಬದ ಹೆಣ್ಣು ಕೂಸನ್ನು, ಲಸಿಕೆ ಹಾಕಿಸುತ್ತೇನೆಂದು ನಂಬಿಸಿ ಒಬ್ಬಳು ಎತ್ತಿಕೊಂಡು ಹೋದಳು. ಪೊಲೀಸರು ಬೆನ್ನು ಹತ್ತಿದರು. ಕೂಸು ಸಿಕ್ಕಿದ್ದು ಬೀದರಿನ ಸರ್ಕಾರಿ ಆಸ್ಪತ್ರೆಯಲ್ಲಿ. ತಾಯಿಯ ಮಡಿಲಿಗೆ ಅದು ಮರಳಿತು. ಆ ಸುದ್ದಿಯಲ್ಲಿ ನನ್ನನ್ನು ತಟ್ಟಿದ್ದು ಆ ತಾಯಿಯ ಒಂಟಿತನ. ತುಂಬಿ ತುಳುಕುವ ವಾರ್ಡಿನಲ್ಲಿ ಹಸಿ ಬಾಣಂತಿಯ ಪಕ್ಕ ತನ್ನವರು ಎನ್ನುವವರು ಒಬ್ಬರೂ ಇರದ ಗಳಿಗೆ. ಹೆರಿಗೆ ಕೋಣೆಯೊಳಗೆ ಗರ್ಭಿಣಿಗೆ ಬೇಕಾದ ಒಬ್ಬ ಹೆಂಗಸು ಜೊತೆಗಿರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ಎಷ್ಟು ಕಡೆ ಬಿಡುತ್ತಾರೆ? ಒಳಗೆ ಕೂಗಿದರೆ ಬೈಗುಳ, ಹೊಟ್ಟೆ ಒತ್ತುವುದು, ಪರದೆಯಿಲ್ಲದ ಮಂಚ. ಅಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ನಿಲ್ಲಿಸಿದರೆ ಇದರಲ್ಲಿ ಅರ್ಧ ತಾನಾಗಿ ನಿಲ್ಲುತ್ತದೆ. ಅದಕ್ಕೆ ಬಜೆಟ್ಟೂ ಬೇಡ.

ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಪದ್ಮಶ್ರೀ ಪಡೆದ ವರ್ಷವೇ, 2018ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಕಾಲ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ರಕ್ತ ಹರಿದಾಗ, ಫಿಟ್ಸ್ ಬಂದಾಗ ಎಷ್ಟು ಒಳ್ಳೆಯ ಸೂಲಗಿತ್ತಿಯ ಕೈಯೂ ಸಾಲುತ್ತಿರಲಿಲ್ಲ. ಆದರೆ ಹೆರುವವಳ ಪಕ್ಕದಿಂದ ಏಳದೆ ಕೂರುವುದು ಆಕೆಗೆ ಗೊತ್ತಿತ್ತು. ಅದನ್ನು ಕಲಿತ ನರ್ಸುಗಳನ್ನು, ಹೆರಿಗೆಯೊಂದನ್ನೇ ನೋಡಿಕೊಳ್ಳುವ ಮಿಡ್‌ವೈಫ್‌ಗಳಾಗಿ ತಯಾರು ಮಾಡುವ ಕೆಲಸವನ್ನು ತೆಲಂಗಾಣ 2017ರಲ್ಲಿ ಕರೀಂನಗರದಿಂದ ಶುರುಮಾಡಿತು. ಕರ್ನಾಟಕದ ಹಳ್ಳಿಗಳಿಗೂ ಇಂಥವರೇ ಬೇಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಮೊದಲ ತಂಡ ಅಲ್ಲಿಗೇ ಹೋಗಬೇಕು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದು ಹತ್ತು ವರ್ಷ ದಾಟಿತು. ಅದರಡಿ ಅಭಿವೃದ್ಧಿಗೆ ಬರುವ ದುಡ್ಡಿನಲ್ಲಿ ಕಟ್ಟಡದ ನಂತರದ ಪಾಲು ಮನುಷ್ಯರದ್ದಾಗಲಿ.

ಇಷ್ಟು ವರ್ಷ ನಾವು ಸರ್ಕಾರವನ್ನು ಕೇಳಿದ್ದು ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾಯಿತು ಎಂದು. ಆ ಪ್ರಶ್ನೆಯ ಕೆಲಸ ಮುಗಿದಿದೆ. ದಸರೆಗೋ ಯುಗಾದಿಗೋ ಬಸ್ ಹತ್ತಿ ಊರಿಗೆ ಹೋಗುವ ಹೈದರಾಬಾದಿನ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಈ ಸಲ ಹೋದಾಗ ಹಳ್ಳಿಯ ಕೇಂದ್ರದಲ್ಲಿ ಬಿಪಿ ಪಟ್ಟಿಯನ್ನು ನಿಮ್ಮ ತೋಳಿಗೇ ಕಟ್ಟಿಸಿಕೊಂಡು ನೋಡಿ, ಅದು ಕೆಲಸ ಮಾಡುತ್ತದೆಯೇ ಎಂದು. ಆಮೇಲೆ ರಾತ್ರಿ ಊಟವಾದ ಮೇಲೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ನಡೆದು ಹೋಗಿ. ಅಲ್ಲಿರುವವರನ್ನು ವಿನಯದಿಂದಲೇ ಕೇಳಿ: ಇವತ್ತು ರಾತ್ರಿ ಅರಿವಳಿಕೆ ಕೊಡುವವರು ಯಾರು, ಅವರ ಫೋನ್ ನಂಬರ್ ಗೋಡೆಯ ಮೇಲೆ ಎಲ್ಲಿ ಬರೆದಿದೆ? ಉತ್ತರ ಸಿಗದಿದ್ದರೆ ಮರುದಿನ ಬೆಳಿಗ್ಗೆ ಆರೋಗ್ಯ ರಕ್ಷಾ ಸಮಿತಿಗೂ ಶಾಸಕರಿಗೂ ಅದನ್ನೇ ಬರೆದು ಕೊಟ್ಟು ಬನ್ನಿ.